ನೀರಿನ ತೊಟ್ಟಿಯ ಮೇಲೊಂದು ಮರುದನಿ



ಬೆಟ್ಟದ ಈಚೆ ನಿಂತು ಕೂಗಿದವನ ದನಿಯು ಬೆಟ್ಟದ ಆಚೆ ನಿಂತವನಿಗೆ ಕೇಳಿಸಲಾರದು. ಆದರೆ ಬೆಟ್ಟದ ನೆತ್ತಿಯಲ್ಲಿ ಗಟ್ಟಿಗಂಟಲಿನವನೊಬ್ಬನನ್ನು ನಿಲ್ಲಿಸಿ, “ಈಚೆಯಿಂದ ಕೇಳಿದುದನ್ನು ಆಚೆಗೆ ಹೇಳು, ಆಚೆಯಿಂದ ಕೇಳಿದುದನ್ನು ಈಚೆಗೆ ಹೇಳು” ಎಂದು ಗೊತ್ತುಮಾಡಿದರೆ ಇಬ್ಬರ ನಡುವೆ ಮಾತು ಸಲೀಸಾಗಿ ನಡೆಯುವುದು. ರೇಡಿಯೋ ವಿದ್ಯೆಯಲ್ಲಿ ರಿಪೀಟರ್ ಎಂದು ಕರೆಯುವ ಯಂತ್ರವು ಮಾಡುವ ಕೆಲಸವೂ ಇಷ್ಟೇ. ನಾನು ಅದನ್ನು ಮರುದನಿಯ ಯಂತ್ರವೆಂದು ಕರೆಯುತ್ತೇನೆ. ಅಂತಹ ಯಂತ್ರವೊಂದನ್ನು ಹಳ್ಳಿಯ ಕುಡಿಯುವ ನೀರಿನ ಎತ್ತರದ ತೊಟ್ಟಿಯ ಮೇಲೆ, ಅಂದರೆ ಎಲ್ಲರೂ ಓವರ್‌ಹೆಡ್ ಟ್ಯಾಂಕ್ ಎನ್ನುವ ಆ ಕಾಂಕ್ರೀಟಿನ ಗೋಪುರದ ಮೇಲೆ, ಇಡುವುದು ಉಚಿತವೇ, ಇಡುವುದಾದರೆ ಹೇಗೆ ಎಂಬುದೇ ಇಂದಿನ ನನ್ನ ಅರಿಕೆ.

ಉದಾಹರಣೆಗಾಗಿ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿ ಇಂತಹ ಯಂತ್ರವು ಈಗಾಗಲೇ ಇದೆಯೆಂದು ಯಾರೂ ಭಾವಿಸಬಾರದು. ಆ ಸೀಮೆಯ ನೆಲದ ಸ್ವರೂಪವು ಈ ಪ್ರಶ್ನೆಯನ್ನು ಚೆನ್ನಾಗಿ ಒರೆಗೆ ಹಚ್ಚುತ್ತದೆ ಎಂಬುದರಿಂದ ಆರಿಸಿದೆನೇ ಹೊರತು ಬೇರೆ ಕಾರಣವಿಲ್ಲ.

ಹವ್ಯಾಸಿ ರೇಡಿಯೋ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಪರವಾನಗಿಯನ್ನೂ ಒಂದು ಕರೆಸಂಜ್ಞೆಯನ್ನೂ ಪಡೆದು, ಲಾಭದ ಉದ್ದೇಶವಿಲ್ಲದೆ ಸ್ವಂತ ಯಂತ್ರದಿಂದ ಪರಸ್ಪರ ಮಾತನಾಡುವವರೇ ರೇಡಿಯೋ ಹವ್ಯಾಸಿಗಳು. ಲೋಕವೆಲ್ಲ ಇವರನ್ನು ಹ್ಯಾಮ್‌ಗಳೆಂದು ಕರೆಯುವುದು. ನಮ್ಮ ದೇಶದಲ್ಲಿ 1978ರ ನಿಯಮಗಳ ಮೇರೆಗೆ 12 ವರ್ಷ ತುಂಬಿದ ಬಾಲಕನೂ ಈ ಪರೀಕ್ಷೆಗೆ ಕೂರಬಹುದೆಂದು ವಿಧಿಸಲಾಯಿತು. ಹವ್ಯಾಸವೆಂದು ಇದನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪುಟ್ಟ ಪ್ರೇಷಕವೊಂದನ್ನು ಹೂಡಿ ಬಾನುಲಿಯನ್ನು ಆರಂಭಿಸಿದುದು ಒಬ್ಬ ವ್ಯಕ್ತಿಯ ಸ್ವಂತ ಉತ್ಸಾಹದಿಂದಲೇ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಬಳಕೆಗೆ ಬಂದು, ಆ ನಿಲಯವು ಮುಂದೆ ಸಂಸ್ಥಾನದ ಸರ್ಕಾರದ ಕೈಸೇರಿ, 1950ರಲ್ಲಿ ಅಖಿಲ ಭಾರತ ವ್ಯವಸ್ಥೆಯೊಳಗೆ ಸೇರಿಹೋಯಿತು. 30 ವ್ಯಾಟ್ ಎಂದರೆ ಮನೆಯ ಒಂದು ಮಂಕು ದೀಪವು ನುಂಗುವಷ್ಟು ಶಕ್ತಿ. ಅಷ್ಟರಿಂದಲೇ ಅಷ್ಟಾಯಿತೆಂಬುದನ್ನು ಮರೆಯದೆ ಮುಂದಿನ ಮಾತನ್ನು ಕೇಳಬೇಕು.

ಹವ್ಯಾಸಿಗಳು ಊರೂರುಗಳ ನಡುವಿನ ಮಾತಿಗೆ ಬಳಸುವುದು ಸುಮಾರು ಎರಡು ಮೀಟರು ಉದ್ದದ ಅಲೆಗಳನ್ನು. ಇವುಗಳಿಗೆ ನಮ್ಮ ದೇಶದಲ್ಲಿ 144ರಿಂದ 146 ಮೆಗಾಸೈಕಲ್ಲುಗಳ ಪಟ್ಟಿಯನ್ನು ಬಿಟ್ಟುಕೊಡಲಾಗಿದೆ. ಮೆಗಾಸೈಕಲ್ ಎಂಬುದಕ್ಕೆ ಈಗ ಮೆಗಾಹರ್ಟ್ಸ್ ಎಂದು ಹೆಸರು. ಹ್ರಸ್ವ ತರಂಗಗಳು ಆಕಾಶದ ಮೇಲ್ಪದರದಲ್ಲಿ ತಗುಲಿ ಮರಳಿ ಸಾವಿರಾರು ಮೈಲಿ ಹೋಗುತ್ತವೆ. ಈ ಎರಡು ಮೀಟರಿನ ಅಲೆಗಳಾದರೋ ದೃಷ್ಟಿಯಂತೆ ಬಹುಮಟ್ಟಿಗೆ ನೇರವಾಗಿ ಸಾಗುವುವು. ಕಣ್ಣಿಗೆ ಅಡ್ಡವಾದ ಬೆಟ್ಟ ಇವುಗಳಿಗೂ ಅಡ್ಡವೇ. ಭೂಮಿಯು ಗುಂಡಾಗಿರುವುದರಿಂದ ಬಯಲಿನಲ್ಲಿಯೂ ಇವಕ್ಕೆ ಒಂದು ಅಂಚು ಉಂಟು. ಆ ಅಂಚನ್ನು ಗುಣಿಸುವ ಕ್ರಮ ಸುಲಭವಾದುದು: ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ತೆಗೆದು, 4.12ರಿಂದ ಗುಣಿಸಿದರೆ ಅಂಚಿನ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 16 ಮೀಟರು ಎತ್ತರದ ತೊಟ್ಟಿಯಿಂದ ಹದಿನಾರೂವರೆ ಕಿಲೋಮೀಟರು. ಕೈಯಲ್ಲಿ ಪುಟ್ಟ ಯಂತ್ರವನ್ನು ಹಿಡಿದು ನೆಲದ ಮೇಲೆ ನಿಂತವನಿಗೂ ತನ್ನ ಪಾಲಿನ ಐದು ಕಿಲೋಮೀಟರು ಇದೆಯಾಗಿ, ಎರಡೂ ಸೇರಿ 21 ಅಥವಾ 22 ಆಗುತ್ತವೆ. ಅದೇ, ಬಯಲಿಗಿಂತ 400 ಮೀಟರು ಮೇಲೆದ್ದ ಬೆಟ್ಟದ ನೆತ್ತಿಯಲ್ಲಿಟ್ಟರೆ ಯಂತ್ರದ ಪಾಲೊಂದೇ 82 ಕಿಲೋಮೀಟರು!

ಈ ಲೆಕ್ಕವನ್ನು ಕೇಳಿದ ಯಾರೇ ಆಗಲಿ, “ಹಾಗಾದರೆ ತೊಟ್ಟಿಯ ಮಾತೇಕೆ, ಬೆಟ್ಟಕ್ಕೇ ಹೋಗೋಣ” ಎನ್ನದೆ ಇರಲಾರರು. ಅಮೆರಿಕದಲ್ಲಿ ನೀರಿನ ಗೋಪುರಗಳ ಮೇಲೆ ಹವ್ಯಾಸಿಗಳು ಮರುದನಿಯ ಯಂತ್ರಗಳನ್ನು ಇಡುವ ರೂಢಿ ಬೆಳೆದುದಕ್ಕೆ ಅಲ್ಲಿನ ನಡುನಾಡು ಹಾಸಿದ ಚಾಪೆಯಂತೆ ಸಮತಟ್ಟಾಗಿರುವುದೂ ಒಂದು ಕಾರಣ. ಅಂತಹ ಬಯಲೂರಿನಲ್ಲಿ ನೀರಿನ ಗೋಪುರಕ್ಕಿಂತ ಎತ್ತರವಾದುದು ಮತ್ತೊಂದಿಲ್ಲ. ನಮ್ಮ ಸೀಮೆಗೆ ಆ ಬಡತನವಿಲ್ಲ. ತೋವಿನಕೆರೆಯ ನೆರೆಯಲ್ಲಿಯೇ ಸಿದ್ಧರಬೆಟ್ಟವುಂಟು. ಕೊರಟಗೆರೆಯ ಕಡೆಗೆ ಚನ್ನರಾಯನದುರ್ಗ, ಉತ್ತರಕ್ಕೆ ಮಧುಗಿರಿಯ ಏಕಶಿಲೆಯ ಮಹಾ ಬಂಡೆ, ಅದರಾಚೆ ಮಿಡಿಗೇಶಿ, ಇನ್ನೂ ಆಚೆ ಆಂಧ್ರದ ನೆಲದ ನಡುವೆ ದ್ವೀಪದಂತಿರುವ ಪಾವಗಡದ ಕೋಟೆಬೆಟ್ಟ, ದಕ್ಷಿಣಕ್ಕೆ ದೇವರಾಯನದುರ್ಗ. ಪಾಳೆಯಗಾರರು ಕೋಟೆ ಕಟ್ಟಿದುದೆಲ್ಲ ದೂರ ಕಾಣುವ ತಾಣಗಳಲ್ಲಿಯೇ. ರೇಡಿಯೋದವನಿಗೂ ಬೇಕಾದುದು ಅಂತಹ ತಾಣಗಳೇ.

ನನಗೂ ಮೊದಮೊದಲು ಹಾಗೆಯೇ ತೋರಿತ್ತು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಗೆಳೆಯರು ಒಂದು ಬೆಟ್ಟದ ಮೇಲೆ (ಯಾವುದೆಂದು ಹೇಳಿ ಫಲವಿಲ್ಲ) ಪರೀಕ್ಷಾರ್ಥವಾಗಿ ಅಂತಹ ಯಂತ್ರವೊಂದನ್ನು ಹೊತ್ತು ತಂದು ನಿಲ್ಲಿಸಿದೆವು. ಬೇಸಗೆಯಲ್ಲಿ ಅದರ ದನಿಯನ್ನು ಕೇಳಿ ನಮಗಾದ ಹಿಗ್ಗು ಹೇಳತೀರದು. ಮುಂಗಾರು ಹಿಡಿದ ಮೂರನೆಯ ವಾರ ಯಂತ್ರವು ಮೂಕವಾಯಿತು. ಜಾರುಬಂಡೆಯನ್ನು ಹತ್ತಲು ಮಳೆ ಬಿಡಲಿಲ್ಲ. ಮಳೆ ಬಿಟ್ಟಾಗ ನಮ್ಮ ನಮ್ಮ ಉದ್ಯೋಗಗಳು ಬಿಡಲಿಲ್ಲ. ಕೊನೆಗೆ ಹತ್ತಿ ನೋಡಿದರೆ ಬ್ಯಾಟರಿಯ ತುದಿಯಲ್ಲಿ ಹಸಿರು ಕಿಲುಬು ಕಟ್ಟಿ ತಂತಿ ಕಳಚಿಕೊಂಡಿತ್ತು. ಸ್ಪ್ಯಾನರ್ ಹಿಡಿದು ಐದು ನಿಮಿಷದಲ್ಲಿ ಮಾಡಬಹುದಾದ ಕೆಲಸ. ಆ ಐದು ನಿಮಿಷಕ್ಕಾಗಿ ಯಂತ್ರವು ಇಡೀ ಮಳೆಗಾಲ, ಅಂದರೆ ಅದರ ಅಗತ್ಯವು ಅತ್ಯಧಿಕವಾಗಿದ್ದ ಕಾಲದಲ್ಲಿ, ಸುಮ್ಮನೆ ಕುಳಿತಿತ್ತು.

ಇದಕ್ಕಿಂತ ದೊಡ್ಡ ನಿದರ್ಶನವನ್ನು ಆಕಾಶದಿಂದಲೇ ಕೊಡುತ್ತೇನೆ. ಹವ್ಯಾಸಿಗಳಿಗೆಂದೇ ನಮ್ಮ ದೇಶವು ನಿರ್ಮಿಸಿದ ಹ್ಯಾಮ್‌ಸ್ಯಾಟ್ ಎಂಬ ಉಪಗ್ರಹವು ಒಂದು ವಿಧದಲ್ಲಿ ಮರುದನಿಯ ಯಂತ್ರವೇ ಆಗಿದ್ದಿತು. ನಲವತ್ತೆರಡೂವರೆ ಕಿಲೋಗ್ರಾಂ ತೂಕದ ಆ ಪೆಟ್ಟಿಗೆಯನ್ನು 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟು ಕಾರ್ಟೋಸ್ಯಾಟ್-1ರ ಜೊತೆಯಲ್ಲಿ ಮೇಲಕ್ಕೊಯ್ದಿತು. ಭೂಮಿಯಿಂದ 600 ಕಿಲೋಮೀಟರಿಗೂ ಮೇಲೆ ಸುತ್ತುತ್ತ, 435 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಕೇಳಿಸಿಕೊಂಡುದನ್ನು 145ರ ಆಸುಪಾಸಿನಲ್ಲಿ ಹೇಳುತ್ತಿತ್ತು. ಅದರೊಳಗಿನ ಎರಡು ಮರುದನಿ ಯಂತ್ರಗಳಲ್ಲಿ ಒಂದನ್ನು ನಮ್ಮವರು ರಚಿಸಿದ್ದರು, ಮತ್ತೊಂದನ್ನು ಹಾಲೆಂಡಿನ ಹವ್ಯಾಸಿಯೊಬ್ಬರು. ಅದಕ್ಕಿಂತ ಎತ್ತರವಾದ ತೊಟ್ಟಿಯಾಗಲಿ ಬೆಟ್ಟವಾಗಲಿ ಎಲ್ಲಿಯದು? ಒಂಬತ್ತು ವರ್ಷಗಳ ಕಾಲ ಸಮರ್ಪಕವಾಗಿ ನಡೆದು, 2014ರ ಜುಲೈ 11ರಂದು ಅದರ ಸೇವೆ ಮುಗಿಯಿತು. ಕೆಟ್ಟುದು ಯಾವುದೆಂದರೆ, ಬ್ಯಾಟರಿ. ಅದನ್ನು ಬದಲಿಸಲು ಅಲ್ಲಿಗೆ ಏಣಿ ಹಾಕುವವರಾರು!

ಆದುದರಿಂದ ಈಗ ನಾನು ಹಿಡಿದಿರುವ ಪಕ್ಷವು ತೊಟ್ಟಿಯದು. ಎತ್ತರದಲ್ಲಿ ಅದು ಬೆಟ್ಟಕ್ಕೆ ಸಾಟಿಯಲ್ಲ. ಆದರೆ ಅದಕ್ಕೆ ಏಣಿಯುಂಟು, ಬುಡದಲ್ಲಿ ಪಂಪಿನ ಮನೆಯುಂಟು, ಆ ಮನೆಗೆ ವಿದ್ಯುತ್ತುಂಟು, ಎಲ್ಲಕ್ಕಿಂತ ಮಿಗಿಲಾಗಿ ದಿನಕ್ಕೆರಡು ಬಾರಿ ಅಲ್ಲಿಗೆ ತಪ್ಪದೆ ಬರುವ ಮನುಷ್ಯನೊಬ್ಬನುಂಟು.

ಆ ಮನುಷ್ಯನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ತೋವಿನಕೆರೆಯು ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಊರೆಂದರೆ ಕೆರೆ, ಕೆರೆಯೆಂದರೆ ಏರಿ, ಕೋಡಿ, ತೂಬು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಕಡೆ ಹರಿಯುವ ಜಯಮಂಗಲಿಯು ನದಿಯೆಂಬ ಹೆಸರನ್ನು ಪಡೆದಿದ್ದರೂ ಅನೇಕ ವರ್ಷ ಮರಳನ್ನೇ ತೋರಿಸುವುದು. ಕೆಲವು ವರ್ಷ ಮಾತ್ರ ಹಠಾತ್ತನೆ ದಡ ಮೀರುವುದು. ಹೀಗಿರುವಲ್ಲಿ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿಯೆಂಬುವನಿದ್ದನು. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಆಯಗಾರರಲ್ಲಿ ಅವನೂ ಒಬ್ಬನು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯದ ಧಾನ್ಯ ಸಲ್ಲುತ್ತಿತ್ತು. ಈಗ ಕೆರೆಯ ನೀರಿಗಿಂತ ಕೊಳವೆಬಾವಿಯ ನೀರೇ ಊರಿಗೆ ಗತಿಯಾಗಿದೆ. 2019ರಲ್ಲಿ ಆರಂಭವಾಗಿ ನಮ್ಮ ರಾಜ್ಯದಲ್ಲಿ ‘ಮನೆಮನೆಗೆ ಗಂಗೆ’ ಎಂದು ಹೆಸರಾದ ಯೋಜನೆಯಿಂದ ಎತ್ತರದ ತೊಟ್ಟಿಗಳೂ ಹೆಚ್ಚಿವೆ. ತೂಬು ಹೋಗಿ ವಾಲ್ವ್ ಬಂದಿತು. ನೀರುಗಂಟಿಯನ್ನು ವಾಟರ್‌ಮನ್ ಎಂದು ಕರೆಯುವವರೂ ಇದ್ದಾರೆ. ಕೆಲಸದ ಹೊಣೆ ಮಾತ್ರ ಅದೇ.

ಅಂತಹ ಒಬ್ಬ ವೃದ್ಧರನ್ನು ನಾನು ಒಮ್ಮೆ ವಿಚಾರಿಸಿದೆನು: “ಯಜಮಾನರೇ, ನಿಮ್ಮ ಟ್ಯಾಂಕಿನ ಮೇಲೆ ಒಂದು ಸಣ್ಣ ಕೋಲನ್ನು ಕಟ್ಟಿದರೆ ನಿಮಗೇನಾದರೂ ಅಡ್ಡಿಯೇ?” ಅವರು ತೊಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೀಗೆಂದರು: “ಕಟ್ಟಿ ಸ್ವಾಮಿ, ಕಟ್ಟೋಕೇನು. ಆದ್ರೆ ಕುಡಿಯೋ ನೀರಿಗೆ ಒಂದು ಮೊಳೆ ಬಿದ್ರೂ ಊರೆಲ್ಲಾ ಬಂದು ನನ್ನ ಕೇಳ್ತದೆ, ನಿಮ್ಮನ್ನಲ್ಲ.” ಈ ವಿಷಯದಲ್ಲಿ ನಾನು ಓದಿದ ಎಷ್ಟೋ ಪುಟಗಳ ತಾಂತ್ರಿಕ ಸಲಹೆಗಿಂತ ಈ ಒಂದು ಮಾತು ತೂಕವಾದುದು. ಯಂತ್ರವನ್ನು ಹೂಡುವ ಕ್ರಮವನ್ನೆಲ್ಲ ನಾನು ಆ ಮಾತಿನಿಂದಲೇ ಹೊರಡಿಸುತ್ತೇನೆ.

ಮೊದಲನೆಯದಾಗಿ, ತೊಟ್ಟಿಯ ಕಾಂಕ್ರೀಟಿಗೆ ರಂಧ್ರ ಕೊರೆಯಕೂಡದು. ಕೊರೆದಲ್ಲಿ ನೀರು ಇಳಿದು ಒಳಗಿನ ಕಬ್ಬಿಣವು ತುಕ್ಕು ಹಿಡಿಯುವುದು, ವರ್ಷಾಂತರದಲ್ಲಿ ಗಾರೆ ಹೊಪ್ಪಳಿಸಿ ಬೀಳುವುದು. ಮೇಲಿನ ಕಟಾಂಜನಕ್ಕೆ ಪಟ್ಟಿ ಬಿಗಿದು ಆಂಟೆನಾದ ಕೋಲನ್ನು ನಿಲ್ಲಿಸಬೇಕು. ಎರಡು ಮೀಟರಿನ ಅಲೆಗೆ ಕಾಲಂಶದ ಕೋಲು ಅರ್ಧ ಮೀಟರು ಸಾಕು. ಹೆಚ್ಚು ಫಲಕಾರಿಯಾದ ಉದ್ದನೆಯ ಕೋಲುಗಳೂ ಮೂರು ಮೀಟರಿನಿಂದ ಆರು ಮೀಟರಿನೊಳಗೆ ಮುಗಿಯುತ್ತವೆ. ತೊಟ್ಟಿಯ ಮುಚ್ಚಳಕ್ಕೂ ಏಣಿಯ ದಾರಿಗೂ ಯಾವ ತಂತಿಯೂ ಅಡ್ಡ ಬರಬಾರದು. ಬ್ಯಾಟರಿಯನ್ನಂತೂ ಮೇಲೆ ಇಡಲೇಕೂಡದು: ಸೀಸ ಮತ್ತು ಗಂಧಕಾಮ್ಲಗಳನ್ನು ಕುಡಿಯುವ ನೀರಿನ ನೆತ್ತಿಯ ಮೇಲೆ ಕೂರಿಸುವುದು ಅವಿವೇಕ. ಅದರ ಸ್ಥಾನ ಕೆಳಗೆ, ಪಂಪಿನ ಮನೆಯಲ್ಲಿ. ಅಲ್ಲಿಯೂ ಬ್ಲೀಚಿಂಗ್ ಪುಡಿಯ ಚೀಲದಿಂದ ದೂರವಾಗಿರತಕ್ಕದ್ದು. ಅದರ ಹಬೆಯು ಹಿತ್ತಾಳೆ, ತಾಮ್ರಗಳನ್ನು ತಿನ್ನುತ್ತದೆ. ನಮ್ಮ ಬೆಟ್ಟದ ಮೇಲಿನ ಹಸಿರು ಕಿಲುಬು ಇಲ್ಲಿ ಇನ್ನೂ ಬೇಗ ಕಟ್ಟೀತು.

ಯಂತ್ರವು ಕೆಳಗೆ, ಕೋಲು ಮೇಲೆ ಎಂದಾದಾಗ ನಡುವಣ ಕೇಬಲ್ಲು ತನ್ನ ಸುಂಕವನ್ನು ವಸೂಲು ಮಾಡದೆ ಬಿಡದು. ಅಗ್ಗದ ತೆಳು ಕೇಬಲ್ಲನ್ನು 25 ಮೀಟರು ಎಳೆದರೆ, ಯಂತ್ರವು 10 ವ್ಯಾಟು ಹೊರಡಿಸಿದಾಗ ಕೋಲಿಗೆ ಮುಟ್ಟುವುದು ಸುಮಾರು ಮೂರು ವ್ಯಾಟು. ಬೆರಳು ಗಾತ್ರದ ದಪ್ಪ ಕೇಬಲ್ಲಾದರೆ ಆರು ವ್ಯಾಟು ಮುಟ್ಟುವುದು. ಜಿಪುಣತನವನ್ನು ಬೇರೆ ಎಲ್ಲಿಯಾದರೂ ತೋರಿಸಬಹುದು, ಇಲ್ಲಿ ಬೇಡ. ಏಕೆಂದರೆ ಮೇಲಿನಿಂದ ಬರುವ ಕ್ಷೀಣವಾದ ದನಿಯೂ ಇದೇ ಸುಂಕವನ್ನು ತೆತ್ತು ಕೆಳಗಿಳಿಯಬೇಕು.

ಮರುದನಿಯ ಯಂತ್ರದ ನಿಜವಾದ ಕಷ್ಟ ಇನ್ನೊಂದಿದೆ. ಅದು ಕೇಳಿಸಿಕೊಳ್ಳುವ ಕ್ಷಣದಲ್ಲಿಯೇ ಹೇಳುತ್ತಲೂ ಇರಬೇಕು. 145.000 ಮೆಗಾಹರ್ಟ್ಸಿನಲ್ಲಿ ಕೇಳಿ 145.600ರಲ್ಲಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಅಂತರ ಬಹಳ ಕಿರಿದು. ತಾನು ಹೊರಡಿಸುವ ಶಕ್ತಿಯ ಕೋಟಿಯ ಕೋಟಿ ಪಾಲಿಗಿಂತಲೂ ಸಣ್ಣದಾದ ಪಿಸುಮಾತನ್ನು, ತಾನೇ ಕಿರುಚುತ್ತಿರುವಾಗ ಅದು ಆಲಿಸಬೇಕಾಗಿದೆ. ತಮಟೆ ಬಾರಿಸುತ್ತಿರುವವನು ಪಕ್ಕದ ಕೇರಿಯಲ್ಲಿ ಬಿದ್ದ ಸೂಜಿಯ ಸದ್ದನ್ನು ಕೇಳಬೇಕೆಂದ ಹಾಗೆ. ಇದಕ್ಕಾಗಿ ಡ್ಯೂಪ್ಲೆಕ್ಸರ್ ಎಂಬ ಸಾಧನವುಂಟು: ಸಾಲಾಗಿ ನಿಲ್ಲಿಸಿದ ಉದ್ದನೆಯ ಲೋಹದ ಕೊಳಗಗಳು. ಪ್ರತಿಯೊಂದನ್ನೂ ಒಂದೊಂದು ಶ್ರುತಿಗೆ ಕೂಡಿಸಿ, ಹೇಳುವ ಅಲೆಯನ್ನು ಕೇಳುವ ಕಿವಿಗೆ ಹೋಗದಂತೆ ತಡೆಯುತ್ತಾರೆ. ತಂಬೂರಿಯ ಶ್ರುತಿ ಕೂಡಿಸಬಲ್ಲವನಿಗೆ ಬೇಕಾಗುವ ತಾಳ್ಮೆಯೇ ಇಲ್ಲಿಯೂ ಬೇಕು. ಸಾಗಿಸುವಾಗ ಒಂದು ಕೊಳಗ ನೆಗ್ಗಿತೋ, ಮತ್ತೆ ಮೊದಲಿನಿಂದ.

ವಿದ್ಯುತ್ತಿನ ಲೆಕ್ಕವನ್ನು ಚುಟುಕಾಗಿ ಹೇಳುತ್ತೇನೆ. ಪಂಪು ತಿರುಗಿಸುವ ತ್ರೀಫೇಸ್ ವಿದ್ಯುತ್ತು ಹಳ್ಳಿಗಳಿಗೆ ಗೊತ್ತಾದ ಕೆಲವೇ ಗಂಟೆಗಳು ಬರುವುದು. ಬಿರುಗಾಳಿಯ ರಾತ್ರಿ ಯಾವ ಫೇಸೂ ಇರದು. 10 ವ್ಯಾಟಿನ ಯಂತ್ರವೊಂದು ಸುಮ್ಮನೆ ಕಾಯುವಾಗ ಅರ್ಧ ಆಂಪಿಯರನ್ನೂ ಮಾತನಾಡುವಾಗ ಮೂರು ಆಂಪಿಯರನ್ನೂ ಎಳೆಯುವುದೆಂದು ಹಿಡಿದರೆ, ದಿನಕ್ಕೆರಡು ಗಂಟೆಯ ಮಾತೂ ಸೇರಿ 17 ಆಂಪಿಯರ್-ಗಂಟೆ ಬೇಕು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಮೂರು ದಿನಕ್ಕೆ ತುಸು ಕಡಮೆ ನಡೆಸಬಹುದು. 100 ವ್ಯಾಟಿನ ಸೌರಫಲಕವೊಂದು ಒಳ್ಳೆಯ ಬಿಸಿಲಿನಲ್ಲಿ ಆ ನಷ್ಟವನ್ನು ತುಂಬಿ ಇನ್ನೂ ಉಳಿಸುತ್ತದೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಇದೇ ಸೀಮೆಯ ಪಾವಗಡದಲ್ಲಿ 13,000 ಎಕರೆ ನೆಲದಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನವನ್ನೇ ಹರಡಿದ್ದಾರೆ. ನಮಗೆ ಬೇಕಾದುದು ಅದರಲ್ಲಿ ಒಂದು ಬಾಗಿಲಿನಷ್ಟಗಲದ ಹಲಗೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಚುಟುಕು ಸಲ್ಲದು. ಊರಿಗೆಲ್ಲ ಎತ್ತರವಾದ ಕಟ್ಟಡದ ಮೇಲೆ ಲೋಹದ ಕೋಲನ್ನು ನಿಲ್ಲಿಸುವುದೆಂದರೆ ಸಿಡಿಲಿಗೆ ಕೈತೋರಿಸಿದ ಹಾಗೆ. ಕೋಲಿನಿಂದ ನೆಲಕ್ಕೆ, ತೊಟ್ಟಿಯ ಹೊರಮೈಯಲ್ಲಿ, ಎಲ್ಲಿಯೂ ಚೂಪಾಗಿ ಬಾಗದ ತಾಮ್ರದ ಪಟ್ಟಿಯನ್ನು ಇಳಿಸಿ, ಇದ್ದಿಲು ಉಪ್ಪು ತುಂಬಿದ ಆಳವಾದ ಗುಂಡಿಯಲ್ಲಿ ಹೂಳಬೇಕು. ಬೇಸಗೆಯಲ್ಲಿ ಆ ಗುಂಡಿಗೆ ನೀರುಣಿಸಬೇಕು. ಒಣಗಿದ ನೆಲ ಸಿಡಿಲನ್ನು ನುಂಗದು. ಕೇಬಲ್ಲು ಪಂಪಿನ ಮನೆಯೊಳಗೆ ಹೊಗುವಲ್ಲಿ ಸಿಡಿಲುತಡೆಯನ್ನೂ ಕೂರಿಸಬೇಕು. ಇಷ್ಟನ್ನು ಮಾಡಲು ಹಣವಿಲ್ಲದವನು ಯಂತ್ರವನ್ನೇ ಇಡದಿರುವುದು ಮೇಲು. ಅಪಾಯವು ಯಂತ್ರಕ್ಕಲ್ಲ, ಮಳೆಯಲ್ಲಿ ವಾಲ್ವ್ ತಿರುಗಿಸಲು ಬಂದು ಕಬ್ಬಿಣವನ್ನು ಮುಟ್ಟುವ ಆ ಮನುಷ್ಯನಿಗೆ.

ಇನ್ನು ಫಲವೇನೆಂಬ ಪ್ರಶ್ನೆ. ಊರಿಗೊಂದು ಮೊಬೈಲ್ ಕಂಬವಿರುವಾಗ ಇದರ ಅಗತ್ಯವೇನೆಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯವೇ. ಆ ಕಂಬದ ಬ್ಯಾಟರಿಗೂ ಒಂದು ಮಿತಿಯುಂಟು, ಅದನ್ನು ಹೊರಲೋಕಕ್ಕೆ ಜೋಡಿಸುವ ತಂತುವೂ ಒಂದು ಗುದ್ದಲಿಯ ಏಟಿಗೆ ತುಂಡಾಗುವುದು. 2004ರ ಡಿಸೆಂಬರ್ 26ರಂದು ಸುನಾಮಿಯು ಅಂಡಮಾನನ್ನು ಅಪ್ಪಳಿಸಿದಾಗ, ಹವ್ಯಾಸದ ಮಾತುಕತೆಗೆಂದೇ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರೂ ಸಂಗಡಿಗರೂ ತಮ್ಮ ಯಂತ್ರಗಳಿಂದ ದ್ವೀಪಗಳ ಸುದ್ದಿಯನ್ನು ನೆಲನಾಡಿಗೆ ಮುಟ್ಟಿಸಿದರು. ಅದು ಮಹಾ ವಿಪತ್ತು. ಚಿಕ್ಕ ಪ್ರಸಂಗಗಳೂ ಉಂಟು. ಗಂಗಾಸಾಗರದ ಜಾತ್ರೆಯಲ್ಲಿ ಕೈತಪ್ಪಿಹೋದವರನ್ನು ಅವರವರ ಮನೆಯವರೊಡನೆ ಕೂಡಿಸುವ ಕೆಲಸವನ್ನು ಪಶ್ಚಿಮ ಬಂಗಾಳದ ಹವ್ಯಾಸಿಗಳು ಮಾಡುತ್ತ ಬಂದಿದ್ದಾರೆ. ಗೊರವನಹಳ್ಳಿಯ ಮಹಾಲಕ್ಷ್ಮಿಯ ಸನ್ನಿಧಿಯಲ್ಲಿಯೂ ಸಿದ್ಧರಬೆಟ್ಟದ ಮೆಟ್ಟಿಲುಗಳ ಮೇಲೂ ಜನಸಂದಣಿ ಕೂಡಿದಾಗ ಮಗುವಿನ ಕೈ ಬಿಟ್ಟುಹೋಗುವುದು ಅಸಂಭವವೇನಲ್ಲ.

ತೊಟ್ಟಿಯ ಸಾಮರ್ಥ್ಯವನ್ನು ಹೆಚ್ಚಿಸಿ ಹೇಳಿ ಯಾರನ್ನೂ ಮರುಳುಮಾಡಲಾರೆ. 21 ಅಥವಾ 22 ಕಿಲೋಮೀಟರಿನ ಬಳಸಿನೊಳಗೆ ಕೊರಟಗೆರೆಯು ಲೆಕ್ಕದ ಮಟ್ಟಿಗೆ ಬರುತ್ತದೆ. ಮಧುಗಿರಿಯು ಅಂಚಿನಲ್ಲಿದೆ, ನಡುವಣ ಗುಡ್ಡಗಳು ಬಿಟ್ಟಷ್ಟು ಕೇಳೀತು. ಸಿರಾ ಹೊರಗುಳಿಯುತ್ತದೆ. ಪಾವಗಡದ ಆಸೆಯನ್ನಂತೂ ಇಟ್ಟುಕೊಳ್ಳಬಾರದು. ನಾಲ್ಕು ತಾಲ್ಲೂಕುಗಳೂ ಒಂದು ದನಿಯಲ್ಲಿ ಕೂಡಬೇಕಾದರೆ ಎಂದಾದರೊಂದು ದಿನ ಬೆಟ್ಟವನ್ನು ಹತ್ತಲೇಬೇಕು. ಆದರೆ ತೊಟ್ಟಿಯ ಮೇಲಿನ ಯಂತ್ರವನ್ನು ಮೂರು ಮಳೆಗಾಲ ಮೂಕವಾಗದಂತೆ ನಡೆಸಿದವರು ಮಾತ್ರ ಹತ್ತಲಿ ಎಂಬುದು ನನ್ನ ಅಭಿಪ್ರಾಯ. ಆತುರಗಾರ ಮಿತ್ರರಿಗೆ ಇದು ರುಚಿಸಲಿಲ್ಲ. ರುಚಿಸಬೇಕೆಂಬ ನಿರ್ಬಂಧವೂ ಇಲ್ಲ.

ಅನುಮತಿಗಳ ವಿಷಯ ಉಳಿದಿದೆ. ಅಲೆಗೆ ಸಂಬಂಧಪಟ್ಟ ಪರವಾನಗಿಯನ್ನು ದೆಹಲಿಯ ದೂರಸಂಪರ್ಕ ಇಲಾಖೆಯಿಂದ ಪಡೆಯಬೇಕು. ಹವ್ಯಾಸಿಯ ಸ್ವಂತ ಪರವಾನಗಿಯೊಂದೇ ಇದಕ್ಕೆ ಸಾಲದು. ತೊಟ್ಟಿಗೆ ಸಂಬಂಧಪಟ್ಟುದನ್ನು ಗ್ರಾಮ ಪಂಚಾಯತಿಯಿಂದ, ಬಾಯಿಮಾತಿನಲ್ಲಲ್ಲದೆ ಸಭೆಯ ನಿರ್ಣಯದ ರೂಪದಲ್ಲಿ ಪಡೆಯಬೇಕು. ಅಧ್ಯಕ್ಷರು ಬದಲಾಗುತ್ತಾರೆ, ಕಾರ್ಯದರ್ಶಿಗಳು ವರ್ಗವಾಗುತ್ತಾರೆ; ಪುಸ್ತಕದಲ್ಲಿ ಬರೆದುದು ಉಳಿಯುತ್ತದೆ. ಆ ನಿರ್ಣಯದಲ್ಲಿ, ತೊಟ್ಟಿಯನ್ನು ತೊಳೆಯುವ ದಿನ ಹವ್ಯಾಸಿಗಳು ತಾವಾಗಿಯೇ ಬಂದು ಯಂತ್ರವನ್ನು ನಿಲ್ಲಿಸಿ ತಂತಿಗಳನ್ನು ಸರಿಸತಕ್ಕದ್ದೆಂದೂ, ನೀರಿನ ಕೆಲಸಕ್ಕೂ ರೇಡಿಯೋ ಕೆಲಸಕ್ಕೂ ತಿಕ್ಕಾಟ ಬಂದಲ್ಲಿ ರೇಡಿಯೋವೇ ಕೆಳಗಿಳಿಯತಕ್ಕದ್ದೆಂದೂ ಬರೆಸಿಬಿಡುವುದು ಒಳ್ಳೆಯದು. ನೀರುಗಂಟಿಗೆ ಕೂಲಿಯ ರೂಪದಲ್ಲಿ ಏನನ್ನಾದರೂ ಗೊತ್ತುಮಾಡುವುದು ಧರ್ಮ. ಅವನ ಮನೆಯ ಹುಡುಗನೋ ಹುಡುಗಿಯೋ 12 ತುಂಬಿ ಪರೀಕ್ಷೆಗೆ ಕೂರಲು ಒಪ್ಪಿದರೆ ಕಲಿಸಿಕೊಡುವುದು ಅದಕ್ಕಿಂತಲೂ ಮೇಲು.

ಕೊನೆಯದಾಗಿ, ಹತ್ತುವ ದಿನದ ಮಾತು. ಪಂಪಿನ ಮನೆಯ ಬೀಗಕ್ಕೆ ಎರಡು ಕೈಗಳಿರಲಿ: ಒಂದು ನೀರುಗಂಟಿಯ ಬಳಿ, ಒಂದು ಊರಿನಲ್ಲಿಯೇ ವಾಸಿಸುವ ಹವ್ಯಾಸಿಯ ಬಳಿ, ತುಮಕೂರಿನಲ್ಲಿರುವವನ ಬಳಿ ಅಲ್ಲ. ಒಬ್ಬನೇ ಹತ್ತಕೂಡದು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಬೇಕು, ಸಾಮಾನುಗಳನ್ನು ಚೀಲದಲ್ಲಿ ಹಾಕಿ ಕೊರಳಿಗೆ ತಗುಲಿಸಿಕೊಳ್ಳಬೇಕು, ಹತ್ತುವ ಮೊದಲು ಮೊಳೆಗಳನ್ನು ಎಣಿಸಿ ಇಳಿದ ಮೇಲೆ ಮತ್ತೆ ಎಣಿಸಬೇಕು. ಏಣಿಗೆ ಕಾಲಿಡುವ ಮುನ್ನ ತೊಟ್ಟಿಯ ಕೆಳಹೊಟ್ಟೆಯನ್ನು ಸುತ್ತಲೂ ಒಮ್ಮೆ ನೋಡಬೇಕು. ಹೆಜ್ಜೇನಿಗೆ ಆ ನೆರಳು ಬಹಳ ಪ್ರಿಯವಾದ ಸ್ಥಳ. ಹುಟ್ಟು ಕಟ್ಟಿದ್ದರೆ ಹೊಗೆ ಹಾಕಿ ಓಡಿಸುವ ಸಾಹಸ ಬೇಡ. ಅವು ತಾವಾಗಿ ಎದ್ದುಹೋಗುವ ತನಕ ಯಂತ್ರವು ಪೆಟ್ಟಿಗೆಯಲ್ಲಿಯೇ ಇರಲಿ.